ಜೀಪಿನ ಹಿಂದೆ ನಡೆದುಬಂದ ಯಜಮಾನರು

ನನ್ನ ಗಂಡ ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ನಡುವಯಸ್ಸು ದಾಟಿದ ಮೇಲೆ ಕೆಲವು ಗಂಡಸರು ದೇವರ ಕಡೆ ತಿರುಗುತ್ತಾರೆ, ಕೆಲವರು ಕೂದಲಿಗೆ ಬಣ್ಣ ಹಚ್ಚುತ್ತಾರೆ. ಇವರು ಫೋರ್ ಬೈ ಫೋರ್ ಜೀಪು ತಂದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ, ಕೆಸರಿಗೂ ಕಲ್ಲಿಗೂ ಜಗ್ಗದ ಗಾಡಿ. ಅದನ್ನು ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಡಾಂಬರು ರಸ್ತೆಯ ಮೇಲೆ ಓಡಿಸುತ್ತಿದ್ದರು. ಕೆಸರು ಕಂಡರೆ ಸುತ್ತುಹಾಕಿ ಹೋಗುತ್ತಿದ್ದರು, ಯಾಕೆಂದರೆ ಆಗಷ್ಟೇ ತೊಳೆದಿರುತ್ತಿದ್ದರು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಇಂಥ ಜೀಪು ಕೊಂಡವರೆಲ್ಲ ಸೇರಿ ಒಂದು ಕ್ಲಬ್ಬು ಕಟ್ಟಿದರು. ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರು ಅಧ್ಯಕ್ಷರಾದರು. ಎಲ್ಲರಿಗೂ ಕಪ್ಪು ಟೀಶರ್ಟು, ಎದೆಯ ಮೇಲೆ ಗರ್ಜಿಸುವ ಹುಲಿ. ಹೊಟ್ಟೆ ಬಂದವರ ಮೈಮೇಲೆ ಅದು ಆಕಳಿಸುವ ಹುಲಿಯಂತೆ ಕಾಣುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಮೊದಲ ದೊಡ್ಡ ಪ್ರವಾಸ ಗೊತ್ತಾಯಿತು. ಘಟ್ಟದ ಮೇಲೆ ಅಧ್ಯಕ್ಷರ ಪರಿಚಯದವರ ಕಾಫಿ ತೋಟ. ಅದರ ಹಿಂದೆ ಎತ್ತರದ ಒಂದು ಹುಲ್ಲುಗುಡ್ಡ. ಶನಿವಾರ ಹತ್ತುವುದು, ಮೇಲೆ ಟೆಂಟು ಹಾಕಿ ಮಲಗುವುದು, ಭಾನುವಾರ ಇಳಿಯುವುದು. ಹೆಂಡಿರು ಮಕ್ಕಳನ್ನು ಕರೆತರಬಹುದು ಎಂದಿದ್ದರು. ತಾಯಂದಿರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ನನ್ನ ಅತ್ತೆ ಅದನ್ನೇ ಹಿಡಿದರು.

"ನಾನೂ ಬರ್ತೇನಿ."

"ಅವ್ವಾ, ಅಲ್ಲಿ ಪಾಯಖಾನಿ ಇಲ್ಲ," ಎಂದರು ನನ್ನ ಗಂಡ.

"ನಾ ಹುಟ್ಟಿದ ಮನ್ಯಾಗೂ ಇರ್ಲಿಲ್ಲ."

ಅಲ್ಲಿಗೆ ಚರ್ಚೆ ಮುಗಿಯಿತು. ಮೇಲೆ ಎಲ್ಲರೂ ತಮ್ಮ ಅಡಿಗೆ ತಾವೇ ಮಾಡಿಕೊಳ್ಳಬೇಕು, ಮನೆಯಿಂದ ಬುತ್ತಿ ತರುವಂತಿಲ್ಲ ಎಂದು ಅಧ್ಯಕ್ಷರು ಕಟ್ಟಪ್ಪಣೆ ಮಾಡಿದ್ದರು. ಅತ್ತೆ ಜೋಳದ ಕಟಕರೊಟ್ಟಿಯ ದೊಡ್ಡ ಗಂಟು ಕಟ್ಟಿ ಸೀಟಿನ ಕೆಳಗೆ ತಳ್ಳಿದರು. ಶೇಂಗಾಚಟ್ನಿಯ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡರು.

ಪ್ರತಿ ಗಾಡಿಗೂ ಒಂದು ವಾಕಿಟಾಕಿ ಕೊಟ್ಟಿದ್ದರು. ಅಧ್ಯಕ್ಷರು ಮುಂದಿನ ಗಾಡಿಯಿಂದ ಮಾತಾಡುತ್ತಲೇ ಇದ್ದರು. "ಮುಂದ ಹಂಪ್ ಐತಿ, ಓವರ್. ಎಮ್ಮಿ ಅಡ್ಡ ಬಂದಾವು, ಓವರ್." ಅತ್ತೆ ಸ್ವಲ್ಪ ಹೊತ್ತು ಕೇಳಿ ನನ್ನ ಕಡೆ ತಿರುಗಿದರು. "ಓವರ್ ಅಂದ್ರ ಮುಗೀತು ಅಂತಲ್ಲ? ಮತ್ತ ಈ ಮನಶ್ಯಾ ಯಾಕ ಮುಗಸವಲ್ಲ?"

ಕಾಫಿ ತೋಟ ದಾಟಿ ಗುಡ್ಡದ ಬುಡಕ್ಕೆ ಬಂದೆವು. ದಾರಿ ಎಂದರೆ ಮಳೆನೀರು ಕೊರೆದ ಎರಡು ಗೆರೆ, ನಡುವೆ ಹುಲ್ಲು. ಎಡಗಡೆ ಮಣ್ಣಿನ ದಿಬ್ಬ, ಬಲಗಡೆ ಏನೂ ಇಲ್ಲ. ನಿಜವಾಗಿಯೂ ಏನೂ ಇಲ್ಲ, ಮೋಡ ಕೆಳಗಿತ್ತು. ಎರಡು ಜೀಪುಗಳು ಏರಿಹೋದವು. ಮೂರನೆಯದು ನಮ್ಮದು. ಅರ್ಧ ಏರಿದ ಮೇಲೆ ನನ್ನ ಗಂಡ ಬಲಗಡೆ ನೋಡಿದರು. ಗಾಡಿ ನಿಂತಿತು. ಎಂಜಿನ್ ಕೂಡ ಆರಿತು. ಸ್ಟೇರಿಂಗ್ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು, ಹಣೆಯಿಂದ ಬೆವರು ಇಳಿಯುತ್ತಿತ್ತು.

"ರೀ, ಏನಾತ್ರಿ?" ಎಂದೆ.

ವಾಕಿಟಾಕಿ ಕಿರುಚಿತು. "ಮೂರನೇ ಗಾಡಿ, ಯಾಕ ನಿಂತ್ರಿ? ಓವರ್."

"ಪಂಚರ್ ಅಂತ ಹೇಳು," ಎಂದು ನನ್ನ ಗಂಡ ಪಿಸುಗುಟ್ಟಿದರು.

ನಾನು ಕೈ ಚಾಚುವಷ್ಟರಲ್ಲಿ ಅತ್ತೆ ವಾಕಿಟಾಕಿ ಎತ್ತಿಕೊಂಡಿದ್ದರು. ಗುಂಡಿ ಒತ್ತುವುದನ್ನು ದಾರಿಯುದ್ದಕ್ಕೂ ನೋಡಿ ಕಲಿತಿದ್ದರು. "ಪಂಚರ್ ಇಲ್ಲಪಾ. ನಮ್ಮ ಹುಡುಗಗ ಅಂಜಿಕಿ ಬಂದೈತಿ. ಸ್ವಲ್ಪ ತಡೀರಿ."

ನಾಲ್ಕು ತಾಲೂಕಿಗೂ ಕೇಳಿಸಿತು. ಹಿಂದಿನ ಜೀಪಿನಲ್ಲಿ ಯಾರೋ ನಗುವುದು ನಮಗೆ ವಾಕಿಟಾಕಿ ಇಲ್ಲದೆಯೇ ಕೇಳಿಸಿತು.

ನನ್ನ ಗಂಡ ಹ್ಯಾಂಡ್‌ಬ್ರೇಕ್ ಎಳೆದು, ಎಡಗಡೆಯ ನನ್ನ ಬಾಗಿಲಿನಿಂದ, ನನ್ನನ್ನು ದಾಟಿ, ದಿಬ್ಬಕ್ಕೆ ಬೆನ್ನು ಹಚ್ಚಿಕೊಂಡು ಇಳಿದರು. "ನಾ ನಡಕೊಂತ ಬರ್ತೇನಿ. ಗಾಡಿ ಏನರ ಮಾಡ್ರಿ," ಎಂದರು.

ನನ್ನ ತವರು ತಿಳವಳ್ಳಿ. ಮದುವೆಗೆ ಮೊದಲೇ ಅಪ್ಪನ ಟ್ರ್ಯಾಕ್ಟರನ್ನು ಗದ್ದೆಗೆ ಇಳಿಸಿದವಳು ನಾನು. ಆದರೆ ಈ ಜೀಪಿನ ಸ್ಟೇರಿಂಗನ್ನು ಮನೆಯವರು ನನಗೆ ಎರಡೋ ಮೂರೋ ಸಲ ಕೊಟ್ಟಿದ್ದರು, ಅದೂ ಗಿರಣಿಯ ಅಂಗಳದಲ್ಲಿ. ಅತ್ತೆಗೆ ಹೇಳಿದೆ, "ನೀವೂ ಇಳೀರಿ, ಅತ್ತಿ." ಅವರು ಸೆರಗು ಬಿಗಿದುಕೊಂಡು ಕಣ್ಣು ಮುಚ್ಚಿದರು. "ಇಷ್ಟು ದೂರ ಬಂದೇನಿ, ನಡಿ."

ಗಂಡನ ಸೀಟಿಗೆ ಸರಿದು, ಎಂಜಿನ್ ಚಾಲೂ ಮಾಡಿ, ನಿಧಾನದ ಗೇರಿಗೆ ಹಾಕಿ ಬ್ರೇಕು ಬಿಟ್ಟೆ. ಜೀಪು ಒಮ್ಮೆ ಹಿಂದಕ್ಕೆ ಜಾರಿತು. ಆಮೇಲೆ ನಾಲ್ಕೂ ಗಾಲಿ ಕಚ್ಚಿ ಹಿಡಿದವು, ಎಮ್ಮೆ ಕೆರೆದಂಡೆ ಹತ್ತುವ ಹಾಗೆ ಗಾಡಿ ತೊನೆಯುತ್ತ ಏರತೊಡಗಿತು. ಕನ್ನಡಿಯಲ್ಲಿ ಕಪ್ಪು ಟೀಶರ್ಟು ಸಣ್ಣದಾಗುತ್ತ ಹೋಯಿತು. ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚು ಖುಷಿಯೂ ಆಗುತ್ತಿತ್ತು. ನಗು ಬರದಂತೆ ತುಟಿ ಕಚ್ಚಿಕೊಂಡೆ. ಅತ್ತೆ ಕಣ್ಣು ಮುಚ್ಚಿಕೊಂಡೇ, "ನಗೂದಿದ್ರ ನಕ್ಕಬಿಡು, ಅಂವ ಹಿಂದ ಅದಾನ," ಎಂದರು.

ಮೇಲೆ ಗಾಳಿ ಬಟ್ಟೆ ಹರಿಯುವಂತೆ ಬೀಸುತ್ತಿತ್ತು. ನನ್ನ ಗಂಡ ಏದುಸಿರು ಬಿಡುತ್ತ ಬಂದು, ಯಾರ ಮುಖವನ್ನೂ ನೋಡದೆ, ಒಂದು ಬಂಡೆಯ ಮೇಲೆ ನಮಗೆ ಬೆನ್ನು ಮಾಡಿ ಕುಳಿತರು. ಉಳಿದವರಿಗೆಲ್ಲ ಟೆಂಟಿನ ಜೊತೆ ಗುದ್ದಾಟ. ಒಲೆ ಗಾಳಿಗೆ ಆರಿ ಆರಿ, ಸುಡಲು ಇಟ್ಟ ಪನೀರು ಒಂದು ಬದಿ ಇದ್ದಿಲಾಗಿ ಇನ್ನೊಂದು ಬದಿ ಹಸಿಯಾಗಿ ಉಳಿಯಿತು. ಅತ್ತೆ ಮೆಲ್ಲಗೆ ಸೀಟಿನ ಕೆಳಗಿನ ಗಂಟು ಬಿಚ್ಚಿದರು. ಮೊದಲು ಕೈ ಚಾಚಿದವರು ಅಧ್ಯಕ್ಷರೇ.

ಸಂಜೆ ಬೆಂಕಿಯ ಸುತ್ತ ಕುಳಿತಾಗ ಹಿರೇಕೆರೂರಿನ ಬೀಜದಂಗಡಿಯವರು ಸುಮ್ಮನಿರಲಾರದೆ, "ಅಣ್ಣಾರ, ಅಂಜಿಕಿ ಹೋತೇನ್ರಿ?" ಎಂದು ಚುಚ್ಚಿದರು. ನನ್ನ ಗಂಡ ರೊಟ್ಟಿ ಕೆಳಗಿಟ್ಟರು. ಆಗ ಅತ್ತೆ ಬಾಯಿ ತೆರೆದರು.

"ಇವ್ರಪ್ಪನೂ ಹಿಂಗ ಇದ್ದ. ಮದಿವಿ ಆದ ವರ್ಷ, ನನ್ನ ಮುಂದ ದೊಡ್ಡಿಸ್ತನ ತೋರ್ಸಾಕ ಬಣವಿ ಒಟ್ಟಾಕ ಹತ್ತಿದ. ಹತ್ತಿದಂವ ಇಳೀಲೇ ಇಲ್ಲ. ಆಳುಗೋಳೆಲ್ಲ ಉಣ್ಣಾಕ ಹೋದ್ರೂ ಹುಲ್ಲು ತಬ್ಕೊಂಡು, ಕಣ್ಣು ತುಂಬ್ಕೊಂಡು ಅಲ್ಲೇ ಕುಂತಿದ್ದ. ನಾ ಏಣಿ ಹಚ್ಚಿ, ಒಂದೊಂದ ಪಾದ ಹಿಡಿದು ಇಟ್ಟು ಇಳಿಸಿದ್ನಿ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ದ."

"ಅಪ್ಪ?" ಎಂದರು ನನ್ನ ಗಂಡ. ಮಾವನವರು ಊರಿಗೇ ಗದರುತ್ತಿದ್ದ ಮನುಷ್ಯ. ಅವರ ಫೋಟೋದ ಮುಂದೆ ನಿಂತಾಗಲೂ ಇವರು ಕೈಕಟ್ಟಿಕೊಳ್ಳುತ್ತಾರೆ. "ಅಪ್ಪ ಬಣವಿ ಮ್ಯಾಲ ಅಳಾಕತ್ತಿದ್ನ?"

"ಅತ್ತಿದ್ದಿಲ್ಲ ತಗಿ. ಮೂಗು ಒರಸ್ಕೊಂತಿದ್ದ."

ಮೊದಲು ನನ್ನ ಗಂಡನ ಭುಜ ಕುಣಿಯಿತು. ಆಮೇಲೆ ನಗು ತಡೆಯಲಾಗದೆ ಕೆಮ್ಮು ಬಂದು, ನಾನು ಬೆನ್ನು ತಟ್ಟಬೇಕಾಯಿತು. ಅವರು ಅಷ್ಟು ನಕ್ಕದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಬೀಜದಂಗಡಿಯವರ ಕುಹಕ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುವಾಗ ಅಧ್ಯಕ್ಷರು ನಮ್ಮ ಟೆಂಟಿನ ಹತ್ತಿರ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅಣ್ಣಾರ, ಇಳಿಯೂ ಮುಂದ ನಾನೂ ನಿಮ್ಮ ಜೋಡಿ ನಡಕೊಂತ ಬರ್ಲೇನ್ರಿ?" ಎಂದರು. ನನ್ನ ಗಂಡ ಅರ್ಥವಾಗದೆ ನೋಡಿದರು. "ನಿನ್ನೆ ಬಾನೆಟ್ ಒಂದ ನೋಡ್ಕೊಂತ ಹತ್ತೇನ್ರಿ. ಇಳಿಯಾಕ ಧೈರ್ಯ ಇಲ್ಲ. ಅಕ್ಕಾರು ನಮ್ಮ ಗಾಡಿನೂ ಇಳಿಸಿ ಕೊಟ್ರ..."

ಅಕ್ಕಾರು ಎಂದರೆ ನಾನು. ನಮ್ಮ ಜೀಪು ಇಳಿಸಿ, ಮತ್ತೆ ಗುಡ್ಡ ಹತ್ತಿ ಅಧ್ಯಕ್ಷರದನ್ನೂ ಇಳಿಸಿದೆ. ಅತ್ತೆ ಎರಡು ಸಲವೂ ಪಕ್ಕದಲ್ಲಿ ಕುಳಿತೇ ಬರುತ್ತೇನೆಂದು ಹಟ ಹಿಡಿದರು. ಎರಡನೆಯ ಸಲ ಮೇಲೆ ಹತ್ತಲು ಕಾಲು ಒಪ್ಪದ್ದರಿಂದ ಬುಡದಲ್ಲೇ ಉಳಿದರು, ಸಿಟ್ಟಿನಿಂದ. ಇಬ್ಬರು ಗಂಡಸರು ಮುಂದೆ ದಿಬ್ಬ ಸವರಿಕೊಂಡು, ಎಲೆಯ ಧಾರಣೆ, ಅಕ್ಕಿಯ ಧಾರಣೆ ಮಾತಾಡಿಕೊಂಡು ನಡೆದರು.

ಆಮೇಲೂ ಪ್ರವಾಸಗಳಾಗಿವೆ. ಕಡಿದಾದ ದಾರಿ ಬಂದರೆ ನನ್ನ ಗಂಡ ಮರ್ಯಾದೆಯಿಂದ ಕೀಲಿಕೈ ನನ್ನ ಕೈಗೆ ಕೊಟ್ಟು ಇಳಿಯುತ್ತಾರೆ. ಅದಕ್ಕಾಗಿಯೇ ಒಳ್ಳೆಯ ಬೂಟು ಕೊಂಡಿದ್ದಾರೆ. ಕ್ಲಬ್ಬಿನಲ್ಲಿ ಅವರಿಗೆ ಈಗ ಮಾರ್ಗದರ್ಶಕ ಎಂಬ ಹುದ್ದೆ. ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ಜೀಪಿನ ಮುಂದೆ ನಿಂತು ಎರಡೂ ಕೈ ಬೀಸುತ್ತಾರೆ. ಎಡಕ್ಕೆ ಎಂದು ಬಾಯಲ್ಲಿ ಕೂಗಿ ಬಲಕ್ಕೆ ಕೈ ತೋರಿಸುತ್ತಾರೆ. ನಾನು ತಲೆ ಅಲ್ಲಾಡಿಸಿ, ನನಗೆ ಸರಿ ಕಂಡ ಕಡೆ ತಿರುಗಿಸುತ್ತೇನೆ.