ಕನ್ಫರ್ಮೋ, ಕನ್ಫಾರ್ಮೋ?

ನನ್ನ ಕಿವಿಯ ಮಟ್ಟಿಗೆ ಇಂಗ್ಲಿಷಿನ ಎರಡು ಪದಗಳು ಈಗಲೂ ಒಂದೇ. ಒಂದು ಕನ್ಫರ್ಮ್, ಇನ್ನೊಂದು ಕನ್ಫಾರ್ಮ್. ರೈಲಿನ ಟಿಕೆಟ್ಟು, ಮದುವೆಯ ಛತ್ರ, ಪಕ್ಕದ ಮನೆಯವರ ಮಗಳಿಗೆ ಗೊತ್ತಾದ ಗಂಡು, ಎಲ್ಲವೂ ನಮ್ಮ ಬಾಯಲ್ಲಿ ‘ಕನ್ಫಾರ್ಮ್’ ಆಗುತ್ತವೆ. ಖಾತ್ರಿಯ ಸುದ್ದಿ ಹೇಳುವಾಗ ಬಾಯಿ ತುಸು ಅಗಲವಾಗಿ ತೆರೆದರೇ ನಮಗೆ ತೃಪ್ತಿ. ಮೊದಲನೆಯದು ಖಚಿತವಾಗುವುದು, ಎರಡನೆಯದು ಕಟ್ಟಳೆಗೆ ತಕ್ಕಂತೆ ನಡೆಯುವುದು ಎಂದು ನಾನೂ ಓದಿದ್ದೆ. ಆದರೆ ಆ ಒಂದು ದೀರ್ಘ ಒಬ್ಬ ಮನುಷ್ಯನ ಮುಖವನ್ನು ಬಾಡಿಸಬಲ್ಲದು ಎಂದು ಗೊತ್ತಾದದ್ದು ಈರಣ್ಣ ಪೇಡೆ ಹಂಚಿದ ಸೋಮವಾರ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವವಳು. ನೀರಿನ ಪಂಪುಗಳ ಬಿಡಿಭಾಗ ಮಾಡುತ್ತೇವೆ. ಈರಣ್ಣ ಬಾಗಲಕೋಟೆ ಕಡೆಯವನು, ಲೇತ್ ಮೇಲೆ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಹೆಂಡತಿ ಶಾಂತಾ ಪಕ್ಕದ ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಾಳೆ. ಮ್ಯಾನೇಜರ್ ಸುಂದರಂ ಕೊಯಮತ್ತೂರಿನವರು. ಒಳ್ಳೆಯ ಮನುಷ್ಯ, ಅವರ ಕನ್ನಡದಲ್ಲಿ ಮುಖ್ಯವಾದ ಮಾತೆಲ್ಲ ಇಂಗ್ಲಿಷಿನಲ್ಲಿರುತ್ತದೆ, ಅಷ್ಟೆ.

ಈರಣ್ಣನ ಕೊರಳಲ್ಲಿ ಶಿವದಾರ, ದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಹಿಂದಿನ ಶನಿವಾರ ಅವನು ಯಂತ್ರದ ಮೇಲೆ ಬಗ್ಗಿದಾಗ ಕರಡಿಗೆ ಅಂಗಿಯಿಂದ ಹೊರಬಿದ್ದು, ಗರಗರನೆ ತಿರುಗುವ ಭಾಗದ ಮೇಲೆಯೇ ತೂಗಾಡಿತು. ಸುಂದರಂ ಓಡಿಬಂದು ಮಷಿನ್ ನಿಲ್ಲಿಸಿದರು. ದಾರ ಸಿಕ್ಕಿಕೊಂಡಿದ್ದರೆ ಕೊರಳನ್ನೂ ಎಳೆದುಕೊಳ್ಳುತ್ತಿತ್ತು. ಆಮೇಲೆ ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದರು. ಎದೆಬಡಿತ ಇಳಿದ ಮೇಲೆ ಸುಂದರಂ ಅವನ ಬೆನ್ನು ತಟ್ಟಿ, “ಈರಣ್ಣ, ನೀನು ಗುಡ್ ವರ್ಕರ್. ಸೋಮವಾರದಿಂದ ಕನ್ಫಾರ್ಮ್ ಆಗ್ಬೇಕು. ಓಕೆನಾ?” ಎಂದರಂತೆ.

ಅವನು ಓಕೆ ಅನ್ನದೆ ಇನ್ನೇನು ಅಂದಾನು?

ಸೋಮವಾರ ಹಣೆಗೆ ವಿಭೂತಿ ಧಾರಾಳವಾಗಿ ಬಳಿದುಕೊಂಡು, ಪೇಡೆಯ ಡಬ್ಬಿ ಹಿಡಿದು ಬಂದ. ಎಲ್ಲರಿಗಿಂತ ಮೊದಲು ಸುಂದರಂಗೇ ಕೊಟ್ಟ. ಅವರು ಅರ್ಧ ತಿಂದು, “ಏನು ವಿಶೇಷ? ಬರ್ತ್‌ಡೇನಾ?” ಎಂದರು.

“ನೀವ ಕನ್ಫಾರ್ಮ್ ಮಾಡೀರಲ್ರೀ ಸಾರ್!”

ಸುಂದರಂ ಉಳಿದರ್ಧ ಪೇಡೆ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುವ ಹೊರೆ ಹೇಗೋ ನನ್ನ ಮೇಲೆ ಬಿದ್ದಿದೆ. ಈರಣ್ಣನನ್ನು ಪಕ್ಕಕ್ಕೆ ಕರೆದು, “ಅದು ಕಾಯಂ ಮಾಡೋದಲ್ಲ ಈರಣ್ಣ, ರೂಲ್ಸ್ ಪ್ರಕಾರ ಇರ್ಬೇಕು ಅಂತ. ಮಷಿನ್ ಹತ್ರ ಕೊರಳಲ್ಲಿ ಏನೂ ನೇತಾಡಬಾರದು” ಎಂದೆ.

“ಊರಿಗೆ ಫೋನ್ ಮಾಡಿ ಹೇಳಿಬಿಟ್ಟೀನ್ರೀ” ಎಂದ ಮೆಲ್ಲಗೆ. ಆಮೇಲೆ ಕೈ ಎದೆಯ ಮೇಲೆ ಹೋಯಿತು. “ಇದನ್ನ ತಗೀಬೇಕೇನ್ರೀ?”

“ಕೆಲಸದ ಹೊತ್ತಲ್ಲಿ ಲಾಕರ್‌ನಲ್ಲಿ ಇಡಬಹುದಲ್ಲ.”

“ಮೈಮ್ಯಾಲಿಂದ ತಗಿಯಂಗಿಲ್ರೀ ಮೇಡಂ. ಹಂಗಾದ್ರ ನಾ ಬ್ಯಾರೆ ಕೆಲಸ ನೋಡ್ಕೋತೀನಿ.” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಕಷ್ಟ ಬಂದಾಗ ನಿಘಂಟಿನಲ್ಲಿ ಅಡಗಿಕೊಳ್ಳುವ ಜಾತಿಯವಳು. ನನ್ನ ಮೇಜಿಗೆ ಹೋಗಿ ಫೋನಿನಲ್ಲಿ ಕನ್ಫಾರ್ಮ್ ಎಂಬ ಕ್ರಿಯಾಪದದ ಬೇರು ಹುಡುಕಿದೆ. ಲ್ಯಾಟಿನ್ನಿನಲ್ಲಿ ‘ಕಾನ್’ ಅಂದರೆ ಜೊತೆಗೆ, ‘ಫಾರ್ಮಾ’ ಅಂದರೆ ರೂಪ. ಹಾಗಾದರೆ ಕನ್ನಡದಲ್ಲಿ ಸರಿಜೋಡಿ ‘ಅನುರೂಪ’ ಆಗಬೇಕಲ್ಲ! ಖುಷಿಯಾಯಿತು. ಮರುಕ್ಷಣ ಇಳಿಯಿತು. ನಾವು ಅನುರೂಪ ಅನ್ನುವುದು ವಧೂವರರಿಗೆ. ‘ಈರಣ್ಣ, ನೀನು ಕಾರ್ಖಾನೆಗೆ ಅನುರೂಪನಾಗಬೇಕು’ ಎಂದರೆ ಅವನು ಶಾಂತಾಳನ್ನು ಕೇಳಿ ಬರುತ್ತೇನೆ ಅಂದಾನು. ನನ್ನ ಮೇಜಿನ ಮೇಲಿನ ಬಿಡಿಭಾಗಗಳಿಗೇನೋ ಆ ಪದ ಸಲೀಸು: ನಕ್ಷೆಯ ಅಳತೆಗೆ ಕೂತರೆ ಪಾಸು, ಕೂರದಿದ್ದರೆ ಕೆಂಪು ಚೀಟಿ. ಆದರೆ ಕಬ್ಬಿಣದ ತುಂಡಿಗೆ ಕೊರಳಿಲ್ಲ. ಹುಟ್ಟಿದಾಗ ಅದಕ್ಕೆ ಯಾರೂ ಏನನ್ನೂ ಕಟ್ಟಿರುವುದಿಲ್ಲ. ಈರಣ್ಣ ಕಟ್ಟಳೆ ಮೀರಿದವನಲ್ಲವಲ್ಲ. ಮೊದಲೇ ಒಂದು ಕಟ್ಟಳೆಗೆ ಒಳಪಟ್ಟವನು. ಅವನಿಗೆ ಎದುರಾದದ್ದು ಎರಡನೆಯದು.

ನಾನು ಹೀಗೆ ಯೋಚಿಸುತ್ತ ಕೂತಿದ್ದಾಗ ಸುಂದರಂ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿಬಿಟ್ಟಿದ್ದರು. ಹೊರಗೆ ಅವರ ದನಿ ಕೇಳಿಸಿತು: “ಬಾಡಿ ಮೇಲೆ ಇರ್ಬೇಕು, ಸರಿ. ಹ್ಯಾಂಗ್ ಆಗ್ಲೇಬೇಕಾ?”

ಈರಣ್ಣ, “ಇಲ್ರೀ. ಎದಿಗೆ ಹತ್ತಿಕೊಂಡಿದ್ರ ಆತ್ರೀ” ಎಂದ.

ಆ ದಿನ ಅವನನ್ನು ಪ್ಯಾಕಿಂಗ್‌ಗೆ ಹಾಕಿದರು. ಮಾರನೆಯ ಬೆಳಗ್ಗೆ ಶಾಂತಾ ತನ್ನ ಪಾಳಿಗೆ ಹೋಗುವ ಮೊದಲು ಗಂಡನ ಜೊತೆ ನಮ್ಮ ಗೇಟಿಗೇ ಬಂದಳು. ಬನಿಯನ್ನಿನ ಎದೆಗೆ ಒಳಗಡೆಯಿಂದ ಕಿಸೆ ಹೊಲಿದು, ಬಾಯಿಗೆ ಗುಂಡಿ ಇಟ್ಟಿದ್ದಳು. ದಾರ ಸಮೇತ ಕರಡಿಗೆ ಅದರಲ್ಲಿ ಕೂತಿತ್ತು. ಸುಂದರಂ ಬಿಡುವರೇ? ಅವನನ್ನು ಬಗ್ಗಿಸಿದರು, ಕುಣಿಸಿದರು, ಕೊನೆಗೆ ತಾವೇ ಬಗ್ಗಿ ತೋರಿಸಿ ಇನ್ನೂ ಬಗ್ಗು ಎಂದರು.

“ಸೊಂಟ ಹಿಡೀತೈತ್ರೀ ಸಾರ್, ಸಾಕು ಮಾಡ್ರೀ” ಎಂದು ಶಾಂತಾ ನಕ್ಕಳು. ಯಾರ ಸೊಂಟವೆಂದು ಹೇಳಲಿಲ್ಲ.

ಎಲ್ಲರಿಗೂ ಕೊರಳವರೆಗೆ ಗುಂಡಿಯಿರುವ ಕೋಟು ಬಂದದ್ದು ಅದಾದ ಮೇಲೆ. ತಾಳಿ ಹಾಕಿಕೊಂಡು ಡ್ರಿಲ್ಲಿಂಗ್ ಮಾಡುವ ಹೆಂಗಸರಿಗೂ ಅನುಕೂಲವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಈರಣ್ಣ ಕಾಯಂ ಆದ. ಈ ಸಲ ಸುಂದರಂ ನನ್ನನ್ನು ಜೊತೆಗೆ ನಿಲ್ಲಿಸಿಕೊಂಡು, ‘ಪರ್ಮನೆಂಟ್’ ಎಂದು ಬಿಡಿಸಿ ಬಿಡಿಸಿ ಹೇಳಿದರು.

ಮೊನ್ನೆ ಊಟದ ಹೊತ್ತಿನಲ್ಲಿ, “ಹೇಗಿದೆ ಈರಣ್ಣ ಬೆಂಗಳೂರು?” ಎಂದು ಕೇಳಿದೆ.

“ಈಗ ನೀರು ಒಗ್ಗೇತ್ರೀ ಮೇಡಂ” ಎಂದ.

ಒಗ್ಗುವುದು! ನಿಘಂಟೆಲ್ಲ ತಡಕಿದ ನನಗೆ ಈ ಪದ ಹೊಳೆದಿರಲಿಲ್ಲ. ಇಂಗ್ಲಿಷಿನವರ ಕನ್ಫಾರ್ಮ್‌ನಲ್ಲಿ ಮನುಷ್ಯನೇ ತನ್ನನ್ನು ಒಗ್ಗಿಸಿಕೊಳ್ಳಬೇಕು. ನಮ್ಮ ವಾಕ್ಯದಲ್ಲಿ ಒಗ್ಗಬೇಕಾದದ್ದು ನೀರು. ಬಂದವನು ಲೋಟ ಎತ್ತಿ ಕುಡಿಯುತ್ತಿದ್ದರೆ ಆಯಿತು.