ಪ್ರಸ್ಥಾನ ಇಟ್ಟ ಚೀಲ

ತಿಪಟೂರಿನ ನಮ್ಮ ಬೀದಿಯಲ್ಲಿ ಯಾರು ದೂರದ ರೈಲು ಹತ್ತುವುದಿದ್ದರೂ ಮೊದಲು ಎದುರುಮನೆಯ ಕೊಬ್ಬರಿ ಮಂಡಿ ಸಾಹುಕಾರರಿಂದ ಚೀಟಿ ಬರೆಸಿಕೊಳ್ಳಬೇಕಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ರೈಲ್ವೆ ಟೈಂಟೇಬಲ್ಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಮೀರಜಿನಲ್ಲಿ ಎಷ್ಟು ಹೊತ್ತಿಗೆ ಗಾಡಿ ಬದಲಾಯಿಸಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು ಎಂಬುದನ್ನೆಲ್ಲ ಬರೆಯುತ್ತಿದ್ದರು. ಕೊನೆಗೆ, "ಗಾಡಿ ನಮಗೆ ಕಾಯಲ್ಲ ಕಣಪ್ಪ, ನಾವು ಕಾಯ್ಬೇಕು" ಎನ್ನುತ್ತಿದ್ದರು.

ಅವರೇ ಹೆಂಡತಿಯೊಡನೆ ಕಾಶಿಗೆ ಹೊರಟಾಗ ಗಾಡಿಯ ಹೊತ್ತು ರಾಹುಕಾಲಕ್ಕೆ ಬಿತ್ತು. ಹಿಂದಿನ ದಿನವೇ ಒಳ್ಳೆ ಗಳಿಗೆ ನೋಡಿ, ಟಿಕೆಟ್ಟಿದ್ದ ಚೀಲವನ್ನು ನಮ್ಮ ಮನೆಯಲ್ಲಿ ಪ್ರಸ್ಥಾನ ಇಟ್ಟರು. ಚೀಲ ಹೊಸಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ರಾಹುವಿಗೆ ಅಲ್ಲಿ ಕೆಲಸವಿಲ್ಲ.

ಮಾರನೆಯ ಬೆಳಿಗ್ಗೆ ನಾನು ಚೀಲದ ವಿಷಯ ಮರೆತು, ಮನೆಗೆ ಬೀಗ ಹಾಕಿ, ಸಂಸಾರ ಸಮೇತ ಹಂದನಕೆರೆಯ ಮೊದಲ ಬಸ್ಸು ಹತ್ತಿದೆ.

ಸಂಜೆ ಬಂದರೆ ನಮ್ಮ ಜಗಲಿಯ ಮೇಲೆ ಸಾಹುಕಾರರು ಕೋಟು ತೊಟ್ಟು ಕೂತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ.

"ತಪ್ಪಾಯ್ತು ಸಾವ್ಕಾರ್ರೇ."

"ಬುಡಿ ಮೇಷ್ಟ್ರೇ. ನಾವು ನಿನ್ನೇನೇ ಹೊರಟಾಗಿದೆ. ತಲುಪೋದು ತಡ ಆಯ್ತು, ಅಷ್ಟೇ."

ಪಕ್ಕದಲ್ಲಿ ಅವರ ಹೆಂಡತಿ ಕಾಶಿ ದಾರಿಯ ಪುಳಿಯೋಗರೆ ಬಿಚ್ಚುತ್ತಾ, "ಗಾಡಿ ಕಾಯಲ್ಲ, ನಾವು ಕಾಯ್ಬೇಕು ಅಂತಿದ್ರಲ್ಲ. ಬೆಳಿಗ್ಗೆಯಿಂದ ಕಾಯ್ತಾ ಇದೀವಿ ಕಣ್ರೀ" ಎಂದರು.

ವಾರ ಕಳೆದು ಇಬ್ಬರೂ ಕಾಶಿಗೆ ಹೋಗಿಬಂದರು. ಸಾಹುಕಾರರು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಆದರೆ ಆಮೇಲೆ ಬೀದಿಯಲ್ಲಿ ಯಾರಿಗೆ ಚೀಟಿ ಬರೆದುಕೊಟ್ಟರೂ ಮೊದಲ ಸಾಲು ಇದೇ: "ಪ್ರಸ್ಥಾನವನ್ನು ಮೇಷ್ಟ್ರ ಮನೆಯಲ್ಲಿ ಇಡತಕ್ಕದ್ದಲ್ಲ."