ಹತ್ತು ಬೆರಳಿನ ಮೇಸ್ತ್ರಿ

ಚೆಲುವರಾಜುವಿನ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಪುಲ್ಪಳ್ಳಿ ರಸ್ತೆಯ ಮರದ ಮಿಲ್ಲಿನಲ್ಲಿ ಅದೇ ಅವನ ಪದವಿ. ಹೊಸಬರು ಯಾರಾದರೂ ಬಂದರೆ ಬೇಕೆಂದೇ ಆ ಕೈಯಲ್ಲಿ ಬೀಡಿ ಹಿಡಿದು, "ಗರಗಸಕ್ಕೆ ಕೊಟ್ಟ ಕಾಣಿಕೆ" ಅನ್ನುತ್ತಿದ್ದ. ಅವನ ಅಜ್ಜ ಹೆಗ್ಗಡದೇವನಕೋಟೆ ಕಡೆಯಿಂದ ಹೊಳೆ ದಾಟಿ ಮಲಯಾಳದ ಸೀಮೆಗೆ ಬಂದು ಚೇಕಾಡಿಯಲ್ಲಿ ಗದ್ದೆ ಮಾಡಿದವರು. ಮೊಮ್ಮಗನಿಗೆ ಕೆಸರು ಒಗ್ಗಲಿಲ್ಲ, ಮರದ ಹೊಟ್ಟು ಒಗ್ಗಿತು. ಮಿಲ್ಲಿನಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ. ಜಗಳಕ್ಕೆ ಎರಡೂ ಆಗುತ್ತಿತ್ತು. ಹೊಟ್ಟೆಕಿಚ್ಚಿಗೆ ಮಾತ್ರ ಕನ್ನಡವೇ ಬೇಕಾಗುತ್ತಿತ್ತು.

ಅದರ ಅಗತ್ಯ ಬಿದ್ದದ್ದು ನಕ್ಸಲರ ಗಲಾಟೆಯ ಕಾಲದಲ್ಲಿ. ಕಾಡಂಚಿನಲ್ಲೆಲ್ಲ ಪೊಲೀಸ್ ಜೀಪು ತಿರುಗುತ್ತಿತ್ತು. ಇತ್ತ ಹೆಚ್ಚುವರಿ ಜಮೀನು ಸರ್ಕಾರ ಹಿಡಿಯುತ್ತದೆ, ಗುಡಿಸಲಿನವರಿಗೆ ಹಂಚುತ್ತದೆ ಅಂತ ಸುದ್ದಿ ಹಬ್ಬಿ, ಜಮೀನುದಾರರು ನೆಲ ಹೋದರೂ ಮರವಾದರೂ ಉಳಿಯಲಿ ಎಂದು ಕಡಿದು ಕಡಿದು ಮಿಲ್ಲಿಗೆ ಸಾಗಿಸುತ್ತಿದ್ದರು. ದಿಮ್ಮಿಗಳು ರಸ್ತೆಯವರೆಗೆ ಬೆಳೆದವು. ಮಿಲ್ಲಿನ ಒಡೆಯ, ಎಲ್ಲರ ಮುದಲಾಳಿ, ಮರದ ಪೇಟೆ ಕಲ್ಲಾಯಿಯಿಂದ ಇನ್ನೊಬ್ಬ ಕೆಲಸಗಾರನನ್ನು ಕರೆಸಿದ. ಹೆಸರು ಸುಕುಮಾರನ್.

ಚೆಲುವರಾಜು ಮೊದಲು ನೋಡಿದ್ದು ಅವನ ಕೈ. ಹತ್ತು ಬೆರಳೂ ಇದ್ದವು, ಉಗುರು ಸಮೇತ.

"ನೋಡಿದೆಯಾ ಕೆಂಚ," ಅಂದ, ಕೊಯ್ದ ಹಲಗೆಯನ್ನು ಆಚೆ ತುದಿಯಿಂದ ಎಳೆದುಕೊಳ್ಳುವ ಕೆಂಚನಿಗೆ. "ಹತ್ತು ಬೆರಳಿಟ್ಟುಕೊಂಡವನು ಎಂಥ ಗರಗಸ ನಡೆಸಿರ್ತಾನೆ?"

"ಹಂಗಾದ್ರೆ ಅಣ್ಣ, ಎರಡು ಕೈಯೂ ಇಲ್ದೋನು ಎಲ್ಲಾರ್ಗಿಂತ ದೊಡ್ಡ ಮೇಸ್ತ್ರಿಯಾ?"

ಅವತ್ತೆಲ್ಲ ಚೆಲುವರಾಜು ಬೀಡಿಯನ್ನು ಬಲಗೈಯಲ್ಲೇ ಸೇದಿದ.

ಸುಕುಮಾರನ್ ಬಂದವನೇ ಮರ ಮುಟ್ಟಲಿಲ್ಲ. ಎಂಜಿನ್ನಿನ ಬೆಲ್ಟು ಕಳಚಿ, ಮೇಜಿನ ಸೀಳಿನಿಂದ ಮೇಲೆದ್ದ ದುಂಡು ಬ್ಲೇಡಿನ ಒಂದು ಹಲ್ಲಿಗೆ ಸುಣ್ಣದ ಬೊಟ್ಟಿಟ್ಟ. ಹಲಗೆ ಒರಗಿಕೊಂಡು ಸಾಗುವ ಕಬ್ಬಿಣದ ಪಟ್ಟಿಯನ್ನು ಅಲ್ಲಿ ಗೈಡು ಅನ್ನುತ್ತಿದ್ದರು. ಬೊಟ್ಟಿನ ಹಲ್ಲನ್ನು ಮುಂದೆ ತಂದು ಗೈಡಿಗೆ ಎಷ್ಟು ದೂರವೆಂದು ಅಳೆದ. ಅದೇ ಹಲ್ಲನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದ.

"ಚೇಟ್ಟಾ," ಅಂದ, ಅಣ್ಣನನ್ನು ಕರೆದಂತೆ. "ಗೈಡು ಹಿಂದುಗಡೆ ಬ್ಲೇಡಿಗೆ ಒತ್ತಿಕೊಂಡಿದೆ. ಹಲಗೆ ನಡುವೆ ಸಿಕ್ಕಿ ಹಿಸುಕಿಕೊಳ್ಳುತ್ತದೆ, ಹಿಂದಿನ ಹಲ್ಲು ಅದನ್ನು ಎತ್ತಿ ಎಸೆಯುತ್ತದೆ."

"ಎಷ್ಟು ಒತ್ತಿದೆ?"

"ಒಂದು ಅಕ್ಕಿಕಾಳು."

"ಅಕ್ಕಿಕಾಳಿಗೆ ಇಷ್ಟು ಪೂಜೆಯೇ?"

ಸುಕುಮಾರನ್ ನಕ್ಕು ಗೈಡು ಸರಿಮಾಡಿದ. ಆಮೇಲೆ, ಬ್ಲೇಡಿನ ಬೆನ್ನಿಗೆ ನಿಲ್ಲಬೇಕಾದ ತಗಡಿನ ನಾಲಗೆ ಎಲ್ಲಿ ಎಂದು ಕೇಳಿದ. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚದಂತೆ ತಡೆಯುವುದು ಅದೇ. ಅದು ಚೆಲುವರಾಜುವಿನ ಮನೆಯಲ್ಲಿ ಹಲಸಿನಕಾಯಿ ಸೀಳುತ್ತಿತ್ತು. "ನಾಳೆ ತರ್ತೀನಿ" ಅಂದ. ದಿನವೂ ಅದನ್ನೇ ಅಂದ. ಸುಕುಮಾರನ್ ಕೇಳಿದ ಅನ್ನುವ ಒಂದೇ ಕಾರಣಕ್ಕೆ ಅದನ್ನು ತರುವುದು ಅಸಾಧ್ಯವಾಗಿತ್ತು.

ಗೈಡು ನೆಟ್ಟಗಾದದ್ದೇ ಹಲಗೆಯ ಅಂಚಿನ ಸುಟ್ಟ ಕಲೆ ಮಾಯವಾಯಿತು. ಮುದಲಾಳಿ ಹಲಗೆಗಳನ್ನು ಕರುವಿನ ಬೆನ್ನಿನಂತೆ ಸವರತೊಡಗಿದ. "ಚಿಙ್ಙ ತಿಂಗಳಿಂದ ಗರಗಸದ ಮೇಸ್ತ್ರಿ ಒಬ್ಬನೇ ಸಾಕು. ಯಾರೆಂದು ನೋಡೋಣ" ಅಂದ. ಚಿಙ್ಙದ ಹಿಂದಿನ ತಿಂಗಳು ಕರ್ಕಾಟಕ, ಅದರ ಮಳೆ ಆಗಲೇ ಮುಗಿಯುತ್ತ ಬಂದಿತ್ತು. ಚೆಲುವರಾಜು ಒಲೆಗೆಂದು ತಂದ ತುಂಡನ್ನು ಕೂಡ ಅವನ ಹೆಂಡತಿ ಕೌಸಲ್ಯ ಕೆನ್ನೆಗೆ ಒತ್ತಿ ನೋಡಿ, "ಏನು ನಯ ರೀ! ಇದು ನೀವು ಕೊಯ್ದದ್ದಲ್ಲ ತಾನೆ?" ಅಂದಳು. ಅವತ್ತು ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮರುದಿನ ಎಲ್ಲರೂ ಚಹಾಕ್ಕೆ ಹೋದಾಗ ಚೆಲುವರಾಜು ಹಿಂದುಳಿದ. ಮರದ ಕೊಡತಿಯಿಂದ ಗೈಡಿನ ಬಾಲಕ್ಕೆ ಒಂದು ಏಟು. ಅಕ್ಕಿಕಾಳು ಸಾಲದೆಂದು ಇನ್ನೊಂದು. ಚಹಾ ಆದ ಮೇಲಿನ ಮೊದಲ ಹಲಗೆ ಸುಕುಮಾರನದು. ಕೊಯ್ದು ತೋರಿಸಲಿ, ಕಲ್ಲಾಯಿಯ ಚಂದ.

ಆದರೆ ಸುಕುಮಾರನಿಗಿಂತ ಮೊದಲು ಜೀಪು ಬಂತು.

ಪೊಲೀಸ್ ಕ್ಯಾಂಪಿಗೆ ಬೆಂಚು ಮಾಡಿಸಬೇಕೆಂದು ಬಂದಿದ್ದ ಇನ್‌ಸ್ಪೆಕ್ಟರು ಟೋಪಿ ತೆಗೆದು ಸ್ಟೂಲಿನ ಮೇಲಿಟ್ಟರು. ಕಣ್ಣು ಚೆಲುವರಾಜುವಿನ ಎಡಗೈ ಮೇಲೆ ಬಿತ್ತು. ಬಾಂಬು ಕಟ್ಟುವಾಗ ಬೆರಳು ಕಳೆದುಕೊಂಡವನೊಬ್ಬ ಗಡಿಯ ಹಳ್ಳಿಗಳಲ್ಲಿ ಅಡಗಿದ್ದಾನೆಂದು ಆಗ ಸುದ್ದಿಯಿತ್ತು.

"ಬೆರಳು ಎಲ್ಲಿ ಹೋಯಿತು?"

"ಗರಗಸಕ್ಕೆ, ಸಾರ್." ಜೀವಮಾನದಲ್ಲಿ ಮೊದಲ ಬಾರಿ ಅದನ್ನು ಹೆಮ್ಮೆಯಿಲ್ಲದೆ ಹೇಳಿದ.

"ನಿಜ ಸಾರ್, ಇಲ್ಲೇ ಹೋದದ್ದು" ಎಂದ ಮುದಲಾಳಿ.

"ನಿಮ್ಮ ಆಳು, ನೀವು ಹೇಳ್ತೀರಿ. ಎಲ್ಲಿ, ಅವನೇ ಒಂದು ಹಲಗೆ ಕೊಯ್ಯಲಿ. ಇಲ್ಲದಿದ್ದರೆ ಜೀಪು ಹತ್ತಲಿ."

ಎಂಜಿನ್ನು ಗುಡುಗಿತು. ಚೆಲುವರಾಜುವಿನ ಕೈ ತಾನಾಗಿಯೇ ಗೈಡಿನ ಕಡೆ ಹೋಯಿತು.

"ಮುಟ್ಟಬೇಡಿ ಚೇಟ್ಟಾ," ಎಂದ ಸುಕುಮಾರನ್, ಅವನ ಕಿವಿಯ ಬಳಿ ಬಾಗಿ, ಬಹಳ ಪ್ರೀತಿಯಿಂದ. "ಬೆಳಿಗ್ಗೆ ನಾನೇ ಸರಿಮಾಡಿಟ್ಟಿದ್ದೇನೆ."

ಚೆಲುವರಾಜು ಹಲಸಿನ ಹಲಗೆ ಎತ್ತಿಕೊಂಡ. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದ. ಅಷ್ಟು ಬುದ್ಧಿಯನ್ನು ಹೋದ ಬೆರಳುಗಳು ಕಲಿಸಿದ್ದವು. ಅರ್ಧ ಹಲಗೆ ಚೆನ್ನಾಗಿ ಹೋಯಿತು. ಆಮೇಲೆ ಸುಟ್ಟ ವಾಸನೆ. ಆಮೇಲೆ ಹಲಗೆ ಒಮ್ಮೆ ನಡುಗಿ, ಅವನ ಸೊಂಟದ ಪಕ್ಕದಿಂದ ಹಿಂದಕ್ಕೆ ಹಾರಿ, ಸ್ಟೂಲಿನ ಮೇಲಿದ್ದ ಇನ್‌ಸ್ಪೆಕ್ಟರ ಟೋಪಿಯನ್ನೂ ಕರೆದುಕೊಂಡು ಹೊಟ್ಟಿನ ರಾಶಿಯಲ್ಲಿ ಹೂತುಹೋಯಿತು.

ಸುಕುಮಾರನ್ ಓಡಿ ಬೆಲ್ಟು ಕಳಚಿದ. ಬೊಟ್ಟಿನ ಹಲ್ಲನ್ನು ಮುಂದೆ ತಂದು ಅಳೆದ, ಹಿಂದೆ ತಿರುಗಿಸಿ ಅಳೆದ. ಚೆಲುವರಾಜುವನ್ನು ಒಮ್ಮೆ ನೋಡಿದ. ಬೆಳಿಗ್ಗೆ ಸರಿಯಿತ್ತು ಅನ್ನಲಿಲ್ಲ.

"ಸಾರ್, ಗೈಡು ಹೀಗಿಟ್ಟುಕೊಂಡು ವರ್ಷಗಟ್ಟಲೆ ಕೊಯ್ದವರು ಇವರು. ಎರಡೇ ಬೆರಳು ಹೋಗಿರುವುದು ಪುಣ್ಯ."

ಇನ್‌ಸ್ಪೆಕ್ಟರು ಟೋಪಿಯ ಹೊಟ್ಟು ಕೊಡವಿಕೊಂಡರು. "ಸರಿ ಬಿಡಿ. ಒಂದು ಪಟ್ಟಿ ನೆಟ್ಟಗಿಡಲು ಬಾರದವನು ಬಾಂಬು ಕಟ್ಟುತ್ತಾನೆಯೇ?"

ಮುದಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಂಚ ನಗು ತಡೆಯಲು ದಿಮ್ಮಿಯ ಹಿಂದೆ ಹೋದ. 'ಬರುತ್ತದೆ ಸಾರ್, ಬಾಂಬು ಚೆನ್ನಾಗಿಯೇ ಕಟ್ಟುತ್ತೇನೆ' ಎಂದು ಹೇಳಿ ಜೀಪು ಹತ್ತಿಬಿಡೋಣ ಅನಿಸಿತು ಚೆಲುವರಾಜುವಿಗೆ. ಸುಕುಮಾರನ್ ಕೆಲಸ ಬಲ್ಲವನು ಅನ್ನುವುದನ್ನೇ ಸಹಿಸುವುದು ಕಷ್ಟವಾಗಿತ್ತು. ಈಗ ಆ ಪಾಪಿ ಒಳ್ಳೆಯವನೂ ಆಗಿಬಿಟ್ಟ!

ಚಿಙ್ಙ ಬಂತು. ಗೈಡು ಸುಕುಮಾರನದಾಯಿತು, ಚೆಲುವರಾಜು ಕೆಂಚನ ಪಕ್ಕದಲ್ಲಿ ಹಲಗೆ ಎಳೆಯಲು ನಿಂತ. ಬಂದ ಹಲಗೆಯನ್ನೆಲ್ಲ ಕಣ್ಣಿಗೆ ಹಿಡಿದು ಡೊಂಕು ಹುಡುಕುತ್ತಿದ್ದ. ಡೊಂಕು ಇರುತ್ತಿರಲಿಲ್ಲ.

ಓಣಕ್ಕೆ ಸುಕುಮಾರನ್ ಊರಿಗೆ ಹೋದ. ಚೆಲುವರಾಜು ಕೌಸಲ್ಯಳ ಅಡುಗೆಮನೆಯಿಂದ ತಗಡಿನ ನಾಲಗೆ ಕಿತ್ತು ತಂದು ಬ್ಲೇಡಿನ ಬೆನ್ನಿಗೆ ಕೂರಿಸಿದ. ಸುತ್ತ ಯಾರೂ ಇಲ್ಲವೆಂದು ನೋಡಿ ಬೆಲ್ಟು ಕಳಚಿದ, ಒಂದು ಹಲ್ಲಿಗೆ ಸುಣ್ಣ ಹಚ್ಚಿದ, ಮುಂದೆ ಅಳೆದ, ಹಿಂದೆ ಅಳೆದ. ಸರಿಯಾದ ಮೇಲೆ ಸುಣ್ಣವನ್ನು ಕಾವಿ ಪಂಚೆಯ ತುದಿಯಿಂದ ಒರೆಸಿಬಿಟ್ಟ.

"ಅಣ್ಣ, ಪಂಚೆಗೇನು ಬೆಳ್ಳಗೆ?" ಎಂದ ಕೆಂಚ.

"ವೀಳ್ಯದೆಲೆ ಸುಣ್ಣ."

"ನೀ ಎಲೆ ತಿನ್ನಾಕಿಲ್ವಲ್ಲ."

"ಇವತ್ತಿಂದ ತಿಂತೀನಿ, ಸುಮ್ನಿರು."

ಹಬ್ಬ ಮುಗಿಸಿ ಬಂದ ಸುಕುಮಾರನ್ ಎಂದಿನಂತೆ ಅಳೆದ. ಗೈಡು ಸರಿಸಲು ಹೋದ ಕೈ ಅರ್ಧದಲ್ಲೇ ನಿಂತಿತು. ಸರಿಸುವುದಕ್ಕೆ ಏನೂ ಇರಲಿಲ್ಲ. ಮತ್ತೆ ಅಳೆದ. ನಾಲಗೆಯನ್ನು ಬೆರಳಿಂದ ತಟ್ಟಿ ನೋಡಿದ. ಕೊನೆಗೆ, "ಯಾರು ಮಾಡಿದ್ದು?" ಅಂದ. ಮುಖದಲ್ಲಿ ಏನೋ ಒಂದು ಮಿಂಚಿ ಮರೆಯಾಯಿತು.

ಅದೇನೆಂದು ಚೆಲುವರಾಜುವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಿಂಗಳುಗಟ್ಟಲೆ ಅದನ್ನು ಹೊಟ್ಟೆಯೊಳಗೆ ಸಾಕಿದವನು ಅವನು.

ಅವತ್ತು ಕೌಸಲ್ಯ ಮೂರು ಸಲ ಅನ್ನ ಹಾಕಬೇಕಾಯಿತು.